ಕರಡಿಯೊಳಗಿನ ಕೈ

ಸ್ಟುಡಿಯೋದಲ್ಲಿ ಆಕೆಯನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಟಿ.ವಿ.ಯ ಮಕ್ಕಳ ಕಾರ್ಯಕ್ರಮಕ್ಕೆ ಬೊಂಬೆ ಹೊಲಿಯುವುದು, ಹರಿದದ್ದಕ್ಕೆ ತೇಪೆ ಹಾಕುವುದು, ಉದುರಿದ ಕಣ್ಣು ಅಂಟಿಸುವುದು ಆಕೆಯ ಕೆಲಸ. ಗಂಡ ಅದೇ ಕಾರ್ಯಕ್ರಮದ ಕರಡಿ. ಕರಡಿ ಬೊಂಬೆಯನ್ನು ಆಡಿಸುವವನು ಎನ್ನಬೇಕು, ಆದರೆ ಅಲ್ಲಿ ಹಾಗೆ ಯಾರೂ ಅನ್ನುತ್ತಿರಲಿಲ್ಲ. ಕರಡಿ ಬಂದ್ರಾ, ಕರಡಿ ಊಟಕ್ಕೆ ಹೋದ್ರಾ, ಇಷ್ಟೇ ಮಾತು. ಹದಿನೆಂಟು ವರ್ಷ, ವಾರಕ್ಕೊಂದು ಸಲ, ಆ ಕರಡಿ ಒಂದು ಆಟದ ಅಂಗಡಿಯ ಕೌಂಟರಿನ ಹಿಂದೆ ನಿಂತು, ಬಂದ ಮಕ್ಕಳಿಗೆ ಎಲ್ಲೂ ಸಿಗದ ಸಾಮಾನು ಮಾರುತ್ತಿತ್ತು. ಅರ್ಧ ಕಿಲೋ ನಗು ಬೇಕೇ, ಎರಡು ಮೊಳ ಮಧ್ಯಾಹ್ನ ಬೇಕೇ ಎಂದು ಕೇಳುತ್ತಿತ್ತು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು.

ನಗುವಿನ ಕೆಳಗೆ, ಕೌಂಟರಿನ ಅಡಿಯಲ್ಲಿ, ಇಬ್ಬರು ಗಂಡಸರು ಕರಿ ಅಂಗಿ ತೊಟ್ಟು ಕುಳ್ಳ ಸ್ಟೂಲುಗಳ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿರುತ್ತಿದ್ದರು. ಗಂಡನ ಬಲಗೈ ತಲೆಯ ಮೇಲಕ್ಕೆ ನೆಟ್ಟಗೆ ಎದ್ದು ಕರಡಿಯ ತಲೆಯೊಳಗೆ ಇರುತ್ತಿತ್ತು, ಎಡಗೈ ಅದರ ಎಡ ಪಂಜದೊಳಗೆ. ಬಲ ಪಂಜಕ್ಕೆ ಮೂರನೆಯ ಕೈ ಬೇಕಲ್ಲ, ಅದಕ್ಕೆ ಇನ್ನೊಬ್ಬ. ನಲವತ್ತು ದಾಟಿದ ಆಸಾಮಿ, ಅವನಿಗೆ ಪಂಜ ಎಂಬ ಹೆಸರೇ ಬಿದ್ದುಹೋಗಿತ್ತು. “ಒಂಬತ್ತು ವರ್ಷದಿಂದ ನಾನು ಬರೀ ಒಂದು ಕೈ ಅಕ್ಕಾ. ಮಾವನ ಮನೇಲಿ ಏನು ಕೆಲಸ ಅಂತ ಕೇಳಿದ್ರೆ ಹಿಂಗೆ ಬೀಸಿ ತೋರಿಸ್ತೀನಿ” ಎಂದು ನಗಿಸುತ್ತಿದ್ದ.

ಕೌಂಟರಿನ ಅಡಿಯಲ್ಲಿರುವವರಿಗೆ ಕರಡಿ ಕಾಣುವುದಿಲ್ಲ. ನೆಲದ ಮೇಲಿಟ್ಟ ಪುಟ್ಟ ಟಿ.ವಿ.ಯಲ್ಲಿ ಅದನ್ನು ನೋಡಿಕೊಂಡೇ ಆಡಿಸಬೇಕು. ಕಷ್ಟವಿರುವುದು ಬಾಯಿ ಆಡಿಸುವುದರಲ್ಲಲ್ಲ, ಕಣ್ಣು ನಿಲ್ಲಿಸುವುದರಲ್ಲಿ. ಮಣಿಕಟ್ಟು ಒಂದು ಬೆರಳಷ್ಟು ಸೋತರೂ ಕರಡಿಯ ದೃಷ್ಟಿ ಮಗುವಿನ ಮುಖದಿಂದ ಜಾರಿ ಎದೆಯ ಗುಂಡಿಯ ಮೇಲೆ ಬೀಳುತ್ತದೆ. ದೊಡ್ಡವರಿಗೆ ಗೊತ್ತಾಗದು, ಮಗುವಿಗೆ ಮಾತ್ರ ತಕ್ಷಣ ಗೊತ್ತಾಗುತ್ತದೆ.

ಹಾಗೇ ಗೊತ್ತಾಯಿತು. ಐದು ವರ್ಷದ ಹುಡುಗಿಯೊಬ್ಬಳು ಆಟದ ನಡುವೆ ಸುಮ್ಮನಾಗಿ, ಕರಡಿಗೆ ಜ್ವರ ಬಂದಿದೆಯಾ ಎಂದು ಕೇಳಿದಳು. ಎಲ್ಲರೂ ನಕ್ಕರು. ಕರಡಿಯೂ ಜ್ವರದ ಬಗ್ಗೆ ಏನೋ ತಮಾಷೆ ಮಾಡಿ ದಾಟಿಸಿತು. ಗೋಡೆಗೆ ಒರಗಿ ನಿಂತಿದ್ದ ಸೂಜಿಯಕ್ಕನಿಗೆ ಮಾತ್ರ ನಗು ಬರಲಿಲ್ಲ. ತಿಂಗಳಿಂದ ಗಂಡ ಎಡಗೈಯಲ್ಲಿ ತಲೆ ಬಾಚುತ್ತಿದ್ದುದನ್ನು ಆಕೆ ಕಂಡೂ ಕಾಣದ ಹಾಗಿದ್ದಳು.

ಡಾಕ್ಟರು ಸುತ್ತುಬಳಸಿ ಹೇಳಲಿಲ್ಲ. ಭುಜದೊಳಗಿನ ಹುರಿ ಸವೆದು ನೂಲಾಗಿದೆ, ಆರು ತಿಂಗಳು ಕೈ ಎತ್ತಲೇಬಾರದು, ಎತ್ತಿದರೆ ಒಂದು ದಿನ ಪೂರ್ತಿ ಕಿತ್ತುಹೋಗುತ್ತದೆ, ಆಮೇಲೆ ಕೂಡಿಸಲು ಬರುವುದಿಲ್ಲ ಎಂದರು. ಕಾರ್ಯಕ್ರಮದ ನಿರ್ದೇಶಕಿಗೆ ಹೇಳಿಬಿಡೋಣ, ಆಕೆಯೇನು ರಾಕ್ಷಸಿಯಲ್ಲ ಎಂದು ದಾರಿಯುದ್ದಕ್ಕೂ ಸೂಜಿಯಕ್ಕ ಹೇಳಿದಳು. ಮನೆ ಮುಟ್ಟಿ ಚಪ್ಪಲಿ ಕಳಚುತ್ತಾ ಗಂಡ ಅಂದ:

“ಆರು ತಿಂಗಳು ಬೇರೆಯವನ ಕೈ ಒಳಗೆ ಹೋದ್ರೆ ಅದು ಅವನ ಕರಡಿ. ನನ್ನ ಮುಖ ಯಾರಿಗೆ ಗೊತ್ತು ಹೇಳು? ಆ ಕೌಂಟರ್ ಕೆಳಗಿಂದ ಎದ್ದು ಬಂದ್ರೆ ನಾನು ಯಾರೂ ಅಲ್ಲ ಕಣೇ.”

“ಕೈ ಹೋದ್ರೆ?”

“ಹೋದಾಗ ನೋಡೋಣ. ನೀನು ಯಾರ ಹತ್ರಾನೂ ಬಾಯಿ ಬಿಡಬೇಡ.”

ಆಕೆ ಬಾಯಿ ಬಿಡಲಿಲ್ಲ. ಬಿಡದಿರುವುದಷ್ಟೇ ಅಲ್ಲ, ಉಪಾಯವನ್ನೂ ಮಾಡಿದಳು. ಒಂದು ಹಳೆಯ ಊರುಗೋಲು ತಂದು, ಅಳತೆಗೆ ಕೊಯ್ಯಿಸಿ, ಸ್ಟೂಲಿನ ಪಕ್ಕಕ್ಕೆ ಗಟ್ಟಿಯಾಗಿ ಬಿಗಿಸಿದಳು. ಅದರ ತುದಿಗೆ ಸ್ಪಂಜು ಇಟ್ಟು ತುಪ್ಪಳದ ಬಟ್ಟೆ ಹೊಲಿದಳು. ಮೊಣಕೈ ಅದರ ಮೇಲೆ ಕೂತರೆ ಭಾರವೆಲ್ಲ ಕೋಲಿಗೆ. ಮೊದಲೆರಡು ವಾರ ಮೊಣಕೈ ಜಾರುತ್ತಿತ್ತು. ಆಗ ಅಗಲವಾದ ಪಟ್ಟಿಯೊಂದನ್ನು ಹೊಲಿದು ತೋಳನ್ನು ಕೋಲಿಗೆ ಕಟ್ಟಿದಳು. ಎರಡೆರಡು ಹೊಲಿಗೆ ಹಾಕಿದಳು. ಆಕೆ ಹಾಕಿದ ಹೊಲಿಗೆ ಬಿಟ್ಟದ್ದು ಯಾರೂ ಕಂಡಿರಲಿಲ್ಲ.

ಪಂಜ ಅದನ್ನು ನೋಡಿ, ಕರಡಿಗೆ ವಯಸ್ಸಾಯ್ತು, ಕೋಲು ಬಂತು ಎಂದು ನಕ್ಕು ಸುಮ್ಮನಾದ. ನಿರ್ದೇಶಕಿ ಕೌಂಟರಿನ ಅಡಿಗೆ ಬಗ್ಗಿ ನೋಡುವವಳಲ್ಲ. ಕರಡಿಯ ಕಣ್ಣು ಮತ್ತೆ ನೆಟ್ಟಗೆ ನಿಂತಿತು. ಈಚೆಗೆ ಕರಡಿ ಎಷ್ಟು ಚೆನ್ನಾಗಿ ನೋಡುತ್ತದೆ ಎಂದು ನಿರ್ದೇಶಕಿಯೇ ಹೊಗಳಿದಳು. ಅವತ್ತು ಗಂಡ ಹೆಂಡತಿ ಬಸ್ಸಿನಲ್ಲಿ ಮಕ್ಕಳ ಹಾಗೆ ಕಿಸಕ್ಕೆಂದು ನಗುತ್ತ ಮನೆಗೆ ಬಂದರು. ಮನೆಯಲ್ಲಿ ಒಂದು ಲೋಟ ಎತ್ತಿಡದ ಮಹಾರಾಯರು ಅಲ್ಲಿ ಕರಡಿ ಎತ್ತುತ್ತಾರೆ ಎಂದು ಆಕೆ ಚುಚ್ಚಿದಳು. ಆ ನಗು ನಾಲ್ಕು ತಿಂಗಳು ಬಾಳಿತು.

ಐದನೆಯ ತಿಂಗಳು ಒಬ್ಬ ಹುಡುಗ ಬಂದ. ಗುಂಡುಗುಂಡಾಗಿದ್ದ, ಏಳು ವರ್ಷ. ಕರಡಿಯ ಮೇಲೆ ಅವನಿಗೆ ಎಂಥ ಪ್ರೀತಿ ಎಂದರೆ, ಸಾಮಾನು ಕೇಳುವುದನ್ನು ಬಿಟ್ಟು, ಎರಡೂ ಕೈಯಿಂದ ಅದರ ಕುತ್ತಿಗೆ ತಬ್ಬಿ ಕಾಲು ಮೇಲೆತ್ತಿ ಜೋತುಬಿದ್ದ. ಮಕ್ಕಳು ಹಾಗೆ ಮಾಡುವುದು ಹೊಸದೇನಲ್ಲ. ಎಳೆದಾಗ ತೋಳನ್ನು ಸಡಿಲ ಬಿಟ್ಟು ಕರಡಿಯನ್ನು ಕೌಂಟರಿನ ಮೇಲೆ ಮಲಗಿಸಿಬಿಟ್ಟರೆ ಆಯಿತು, ಮಗುವಿಗೂ ಖುಷಿ. ಗಂಡ ಅದನ್ನು ನೂರು ಸಲ ಮಾಡಿದ್ದ. ಆದರೆ ಅವತ್ತು ತೋಳು ಕೋಲಿಗೆ ಕಟ್ಟಿತ್ತು. ಕೋಲು ಬಗ್ಗಲಿಲ್ಲ, ಪಟ್ಟಿ ಹರಿಯಲಿಲ್ಲ. ತೋಳು ಮುಂದಕ್ಕೆ ಬಾಗಲಾಗದೆ ಹುಡುಗನ ಎಳೆತವೆಲ್ಲ ಭುಜಕ್ಕೆ ಬಂತು.

ಸೂಜಿಯಕ್ಕ ನಿಂತಲ್ಲಿಂದ ಕಂಡದ್ದು ಕರಡಿಯನ್ನು ಮಾತ್ರ. ಅದರ ಬಾಯಿ ಒಂದು ಕ್ಷಣ ತೆರೆದೇ ಉಳಿಯಿತು. ಆಮೇಲೆ, “ಅಬ್ಬಬ್ಬಾ, ಇಷ್ಟು ಪ್ರೀತೀನ ಯಾವ ತಕ್ಕಡೀಲಿ ತೂಗಲಪ್ಪಾ ನಾನು” ಅಂದಿತು. ಅದೇ ಧ್ವನಿ, ಅದೇ ನಗು. ಹುಡುಗ ಕೆಳಗಿಳಿದ, ಕೈ ಬೀಸಿದ, ಹೋದ. ನಿರ್ದೇಶಕಿ ಕಟ್ ಎಂದಮೇಲೆ ಕರಡಿ ಮುಖ ಅಡಿಯಾಗಿ ಬಿತ್ತು. ಪಂಜ ಕೆಳಗಿನಿಂದ ಅಕ್ಕಾ ಎಂದು ಕೂಗಿದ. ಆಕೆ ಹೋಗಿ ನೋಡಿದರೆ ಗಂಡನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಕೆಳತುಟಿಯಿಂದ ರಕ್ತ ಸೋರುತ್ತಿತ್ತು. ಪಟ್ಟಿ ಬಿಚ್ಚಲು ಬರಲಿಲ್ಲ. ತಾನು ಹಾಕಿದ ಹೊಲಿಗೆಯನ್ನು ತಾನೇ ಕತ್ತರಿಯಿಂದ ಕತ್ತರಿಸಬೇಕಾಯಿತು.

ಕೈ ಮತ್ತೆ ಮೇಲೇಳಲಿಲ್ಲ. ನಿರ್ದೇಶಕಿ ಒಳ್ಳೆಯವಳೇ. ಕರಡಿಯನ್ನು ಪಂಜ ಆಡಿಸಲಿ, ಧ್ವನಿ ನೀವೇ ಕೊಡಿ ಎಂದು ಗಂಡನನ್ನು ಕುರ್ಚಿಯ ಮೇಲೆ ಕೂರಿಸಿ ಮೈಕು ಕೊಟ್ಟಳು. ಎರಡು ದಿನ ನೋಡಿದರು. ಕುರ್ಚಿಯಲ್ಲಿ ಕೂತವನ ಬಾಯಿಂದ ಕರಡಿ ಬರಲಿಲ್ಲ, ಮೊಮ್ಮಕ್ಕಳಿಗೆ ಕಥೆ ಹೇಳುವ ಮುದುಕನೊಬ್ಬ ಬಂದ. ಮೂರನೆಯ ದಿನ ಆತ ಹೋಗಲಿಲ್ಲ.

ಇನ್ನು ಕರಡಿ ಪಂಜನದೇ ಆದ್ದರಿಂದ ಒಳಗೈಚೀಲ ಬದಲಿಸಬೇಕಿತ್ತು. ಕರಡಿಯ ತಲೆಯೊಳಗಿನ ಆ ಚೀಲ ಗಂಡನ ಬೆರಳಿನ ಅಚ್ಚಿಗೆ ಕೂತಿತ್ತು, ಪಂಜನ ದಪ್ಪ ಬೆರಳು ಅದರಲ್ಲಿ ಹಿಡಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಪಂಜ ಕರಡಿಯನ್ನು ಚೀಲದಲ್ಲಿ ಹಾಕಿಕೊಂಡು ಮನೆಗೇ ಬಂದ. ಸೂಜಿಯಕ್ಕ ಕರಡಿಯನ್ನು ಮಗುಚಿ ಹಳೆಯ ಬಟ್ಟೆಯನ್ನು ಬಿಚ್ಚಿದಳು. ಬೆವರಿಗೆ ಕಪ್ಪಗಾಗಿ ಚರ್ಮದ ಹಾಗೆ ಗಡುಸಾಗಿತ್ತು. ಗಂಡ ಕಿಟಕಿಯ ಪಕ್ಕ ಕೂತಿದ್ದ, ಬಲಗೈ ಎದೆಗೆ ಕಟ್ಟಿಕೊಂಡು.

ಪಂಜ ಬೆರಳು ಅಳತೆಗೆ ಕೊಟ್ಟ. ಆಕೆ ಟೇಪು ಸುತ್ತುವಾಗ ಅವನು ನೆಲ ನೋಡುತ್ತ ಅಂದ:

“ನನಗೆ ಗೊತ್ತಿತ್ತು ಅಕ್ಕಾ. ಕೋಲು ಬರೋಕೆ ಎರಡು ವರ್ಷ ಮೊದಲೇ. ಅಣ್ಣನ ತೋಳು ನನ್ನ ಕಿವಿಗೇ ತಾಗ್ತಾ ಇತ್ತು, ನಡುಗೋದು ಗೊತ್ತಾಗ್ತಿತ್ತು. ಹೇಳಿದ್ರೆ ಕರಡಿ ಮೇಲೆ ಕಣ್ಣಿಟ್ಟಿದ್ದಾನೆ ಅಂತಿದ್ರಿ.”

ಆಕೆ ಮುಂದಿನ ಬೆರಳಿಗೆ ಟೇಪು ಸುತ್ತಿದಳು. ಅವನು ಹೇಳಿದ್ದರೆ ಹಾಗೇ ಅನ್ನುತ್ತಿದ್ದುದು ನಿಜವೇ. ಕಿಟಕಿಯ ಕಡೆಯಿಂದ ಗಂಡನ ಧ್ವನಿ ಬಂತು.

“ಬಿಗಿಯಾಗಿ ಹೊಲಿ. ಸಡಿಲ ಆದ್ರೆ ಬಾಯಿ ತಡವಾಗಿ ಮುಚ್ಚುತ್ತೆ.”

ಆಕೆ ಬಿಗಿಯಾಗಿ ಹೊಲಿದಳು. ಪಂಜ ಕೈ ತೂರಿಸಿ, ಬೆರಳು ಸೆಳೀತದೆ ಅಣ್ಣಾ ಎಂದ. ವಾರ ಹದಿನೈದು ದಿನ ಸೆಳೆಯುತ್ತದೆ, ಆಮೇಲೆ ಕೂರುತ್ತದೆ ಎಂದು ಗಂಡ ಸಮಾಧಾನ ಹೇಳಿದ. ಪಂಜ ಹೊರಟಾಗ ಮಾತ್ರ ಗಂಡ ಕುರ್ಚಿಯಿಂದ ಏಳಲಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ನಿಂತಮೇಲೆ ಗಂಡ ಆಕೆಯ ಕಡೆ ತಿರುಗಿದ.

“ಅವನು ಹೇಳಿದ್ರೆ ಅವನ ಮುಖ ನೋಡ್ತಿರಲಿಲ್ಲ. ನೀನು ಹೇಳಬಹುದಿತ್ತು.”

“ಹೇಳಬೇಡ ಅಂದಿದ್ದು ನೀವೇ ಅಲ್ವೇನ್ರೀ?”

“ಅಂದಿದ್ದೆ. ಆದ್ರೂ ಹೇಳಬಹುದಿತ್ತು.”

ಬೈಗುಳ ಇರಲಿಲ್ಲ ಅದರಲ್ಲಿ. ಬೈದಿದ್ದರೆ ಆಕೆಯೂ ನಾಲ್ಕು ಮಾತು ತಿರುಗಿಸಿ ಆಡುತ್ತಿದ್ದಳು. ಮಂಡಿಯೂರಿ ನೆಲದ ಮೇಲೆ ಉದುರಿದ್ದ ತುಪ್ಪಳದ ಎಳೆಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು.