ಮುಚ್ಚದೆ ಬಿಟ್ಟ ತೂಬು

ಡಿಸ್ಕಿನ ಮೇಲೆ ಗೀರು ಬಿದ್ದಿರಬಹುದು. ಗೇಮನ್ನು ಅಳಿಸಿದ ಮೇಲೆ ಮತ್ತೆ ಹಾಕಲು ಬಾರದೇ ಹೋಗಬಹುದು. ಅರ್ಧದಲ್ಲಿ ಕರೆಂಟು ಹೋಗಬಹುದು. ಇಂಟರ್‌ನೆಟ್ ವೈರು ಕಿತ್ತಿಟ್ಟರೂ ಅದು ಹೇಗೋ ಹೊಸ ಅಪ್‌ಡೇಟನ್ನು ಎಳೆದುಕೊಂಡುಬಿಡಬಹುದು. ಪೆನ್‌ಡ್ರೈವಿನಲ್ಲಿ ಎತ್ತಿಟ್ಟಿದ್ದ ಹಳೆಯ ಆಟ ತೆರೆಯದೇ ಇರಬಹುದು. ಇಲ್ಲವೇ, ನನ್ನನ್ನು ಎಲ್ಲಕ್ಕಿಂತ ಹೆದರಿಸಿದ್ದು ಇದು, ತೆರೆದೂಬಿಡಬಹುದು...

ಮೊನ್ನೆ ಭಾನುವಾರ ಟಿ.ವಿ. ಮುಂದೆ ಕೂತು ಇಷ್ಟನ್ನೂ ಒಂದು ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಂಡೆ. ಗ್ಯಾಸ್ ಆರಿಸಿದೆನೇ ಎಂದು ನೋಡಲು ಬಸ್‌ಸ್ಟಾಂಡಿನಿಂದ ಮನೆಗೆ ವಾಪಸ್ ಬರುವವನು ನಾನು. ಇದಕ್ಕೆಲ್ಲ ಕಾರಣ, ಆಟದ ಕಂಟ್ರೋಲರಿನ ಗುಂಡಿಯ ಸಂದಿಯಲ್ಲಿದ್ದ ಒಂದು ಬಿಳಿ ಕಲೆ. ಧೂಳು ಒರೆಸುವಾಗ ಉಗುರಿಗೆ ತಾಗಿತು. ಸುಣ್ಣ. ನಮ್ಮ ಮನೆಯಲ್ಲಿ ಯಾರೂ ಎಲೆಯಡಿಕೆ ಹಾಕುವುದಿಲ್ಲ. ಹಾಕುತ್ತಿದ್ದವರು ಪಕ್ಕದ ಮನೆಯ ನೀರುಗಂಟಿ.

ಕೊತ್ತತ್ತಿ ಕಡೆ ನಾಲೆಯ ಮೇಲೆ ಅವರು ಆಯುಷ್ಯವೆಲ್ಲ ದುಡಿದವರು. ಸರದಿಯಂತೆ ತೂಬು ಎತ್ತಿ ಗದ್ದೆಗದ್ದೆಗೂ ನೀರು ಹಾಯಿಸುವ ಕೆಲಸ. ಮಂಡಿ ಸವೆದ ಮೇಲೆ ಮಂಡ್ಯದಲ್ಲಿ ಮಗಳ ಮನೆಗೆ ಬಂದಿದ್ದರು. ಬಂದರೂ ಸುಮ್ಮನಿದ್ದವರಲ್ಲ. ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡರೆ ಕೋಲು ಹಿಡಿದು ಬಿಡಿಸಿ, ನೀರು ತಿರುವು ದಾಟುವವರೆಗೂ ನಿಂತು ನೋಡುತ್ತಿದ್ದರು.

ನಾನು ದಿನಾ ಬಸ್ಸಿನಲ್ಲಿ ಮಳವಳ್ಳಿಗೆ ಹೋಗಿಬರುವ ಮೇಷ್ಟ್ರು. ಬಿ.ಪಿ. ನೋಡಿದ ಡಾಕ್ಟರು ಏನಾದರೂ ಹವ್ಯಾಸ ಇಟ್ಟುಕೊಳ್ಳಿ ಎಂದರು. ಮದ್ದೂರಿನ ಅಂಗಡಿಯೊಂದರಲ್ಲಿ ಯಾರೋ ಆಡಿ ಬಿಟ್ಟ ಗೇಮಿನ ಪೆಟ್ಟಿಗೆ ಕೊಂಡು ತಂದೆ. ಅದರ ಜೊತೆ ಬಂದದ್ದು ಒಂದು ಬೇಸಾಯದ ಆಟ. ಒಂದು ನಾಲೆ, ಒಂದು ತೂಬು, ಉದ್ದಕ್ಕೆ ಗದ್ದೆಗಳು, ಹ್ಯಾಟು ಹಾಕಿದ ಒಬ್ಬ ಪರದೇಶಿ ರೈತ. ಬಿ.ಪಿ. ಇಳಿಯಲಿಲ್ಲ. ಪರದೆಯ ಮೇಲಿನ ಬೆಳೆಯದೂ ಒಂದು ಚಿಂತೆ ಸೇರಿಕೊಂಡಿತು, ಅಷ್ಟೆ.

ಒಂದು ಸಂಜೆ ಪೇಪರ್ ಕೇಳಲು ಬಂದ ನೀರುಗಂಟಿ ಬಾಗಿಲಲ್ಲೇ ನಿಂತುಬಿಟ್ಟರು.

"ಮೇಷ್ಟ್ರೆ, ಆ ತುದೀಲಿ ಒಣಗ್ತಾ ಅದಲ್ಲ, ಅದ್ಯಾರ ಗದ್ದೆ?"

"ಯಾರದೂ ಅಲ್ಲ ಯಜಮಾನ್ರೆ, ಆಟದ್ದು."

"ಯಾರ್ದೂ ಅಲ್ಲ ಅಂದ್ಬುಟ್ರೆ ನೀರಿಲ್ದೆ ಸಾಯ್ಬೇಕಾ? ಕೊಡಿ ಇತ್ತ ರಿಮೋಟ."

ಅಂದಿನಿಂದ ದಿನಾ ಸಂಜೆ ಬಂದರು. ಅವರದೊಂದು ಕಟ್ಟು ಇತ್ತು: ಕೊನೆಯ ಗದ್ದೆ ನೆನೆಯದೆ ತೂಬು ಮುಚ್ಚುವಂತಿಲ್ಲ. ಪರದೆಯ ಮೂಲೆಯಲ್ಲಿ ನೀರಿನ ಅಳತೆ ಕಾಣುತ್ತದೆ ಎಂದು ನಾನು ಎಷ್ಟು ತೋರಿಸಿದರೂ ನಂಬಲಿಲ್ಲ. ಹ್ಯಾಟಿನವನನ್ನು ಬದುವಿನ ಮೇಲೆ ತುದಿಯವರೆಗೂ ನಡೆಸಿಕೊಂಡು ಹೋಗಿ ಕೆಸರಿಗೆ ಇಳಿಸುತ್ತಿದ್ದರು. "ನಿಂತ್ಕಂಡು ನೋಡುದ್ರೆ ನೀರು ಬಂದಂಗಲ್ಲ ಕಣ್ರೀ, ಕಾಲಿಟ್ಟು ನೋಡ್ಬೇಕು."

ಒಂದು ದಿನ ಆಟದ ನಡುವೆ ಅವರ ಮಗಳು ಊಟಕ್ಕೆ ಕರೆದಳು. ಎದ್ದು ಹೊರಟವರು ಬಾಗಿಲಲ್ಲಿ ತಿರುಗಿ ಹೇಳಿದರು. "ತೂಬು ಎತ್ತಿವ್ನಿ, ಮುಟ್ಬ್ಯಾಡಿ. ನಾಳಿಕೆ ಬಂದು ನಾನೇ ಮುಚ್ತೀನಿ."

ಆ ವಾರವಷ್ಟೇ ಮನೆಗೆ ಇಂಟರ್‌ನೆಟ್ ಹಾಕಿಸಿದ್ದೆ. ಅಪ್‌ಡೇಟ್ ಮಾಡಿ ಎಂದು ಪರದೆ ಕೇಳಿತು. ಮಾಡದಿದ್ದರೆ ಏನಾದರೂ ಆಗಿಬಿಟ್ಟರೆ? ಅವರು ನಿಲ್ಲಿಸಿದ ಹಂತದಲ್ಲೇ ಆಟವನ್ನು ಪೆನ್‌ಡ್ರೈವಿಗೆ ನಕಲು ಮಾಡಿಟ್ಟು, ಆಗಲಿ ಎಂದು ಒತ್ತಿಬಿಟ್ಟೆ.

ಮರುದಿನ ಅವರು ಬಂದಾಗ ಅಷ್ಟೂ ಗದ್ದೆಗಳಲ್ಲಿ ನೀರು ತುಂಬಿ ನಿಂತಿತ್ತು. ಹೊಸ ರೂಪದಲ್ಲಿ ನೀರು ತಾನಾಗಿಯೇ ಬರುತ್ತಿತ್ತು. ತೂಬು ಬರೀ ಚಿತ್ರ. ಅವರು ತೂಬಿನ ಗುಂಡಿಯನ್ನು ಮೂರು ನಾಲ್ಕು ಸಲ ಒತ್ತಿದರು. ಆಮೇಲೆ ರಿಮೋಟನ್ನು ನನ್ನ ತೊಡೆಯ ಮೇಲಿಟ್ಟರು.

"ಎಲ್ಲಾರ್ಗೂ ಬಂದ್ಬುಟ್ಟದೆ. ಒಳ್ಳೇದಾಯ್ತು ಬುಡಿ."

ಮತ್ತೆ ಆಡಲು ಬರಲಿಲ್ಲ. ತಿಂಗಳ ನಂತರ ಕಾಂಪೌಂಡಿನಾಚೆಯಿಂದ ಒಮ್ಮೆ ಕೇಳಿದರು, "ಮೊದ್ಲಿನಂಗೆ ಮಾಡಕಾಯ್ತದಾ ಮೇಷ್ಟ್ರೆ?" ಆಗುತ್ತದೆಂದು ನನಗೆ ಗೊತ್ತಿತ್ತು. ಗೇಮನ್ನು ಅಳಿಸಿ, ವೈರು ಕಿತ್ತು, ಡಿಸ್ಕಿನಿಂದ ಮತ್ತೆ ಹಾಕಿದರೆ ಸಾಕು. ನೋಡೋಣ ಯಜಮಾನ್ರೆ ಎಂದೆ. ಡಿಸ್ಕ್ ಕೆಟ್ಟರೆ, ಕರೆಂಟು ಹೋದರೆ ಎಂದು ನೋಡುತ್ತಲೇ ಇದ್ದೆ... ಆ ಬೇಸಿಗೆ ಅವರು ಹೋಗಿಬಿಟ್ಟರು. ಕೊತ್ತತ್ತಿಗೆ ಒಯ್ದರು. ಮಣ್ಣು ಹಾಕುವಾಗ ಹತ್ತಿರದಲ್ಲೆಲ್ಲೋ ನಾಲೆಯ ನೀರಿನ ಸದ್ದು ಕೇಳುತ್ತಿತ್ತು. ಈಗಲೂ ಸಂಜೆಯ ಹೊತ್ತು, ಟಿ.ವಿ. ಆರಿಸಿದ ಮೇಲೂ, ಆ ಸದ್ದು ಒಮ್ಮೊಮ್ಮೆ...

ಮೊನ್ನೆ ಕೊನೆಗೂ ಅಷ್ಟನ್ನೂ ಮಾಡಿದೆ. ಡಿಸ್ಕ್ ಕೆಟ್ಟಿರಲಿಲ್ಲ. ಕರೆಂಟು ಇತ್ತು. ಪೆನ್‌ಡ್ರೈವಿನ ಆಟ ತೆರೆಯಿತು. ಹ್ಯಾಟಿನವನು ಅವರು ಬಿಟ್ಟುಹೋದ ಜಾಗದಲ್ಲೇ, ತೂಬಿನ ಪಕ್ಕ, ನನಗೆ ಬೆನ್ನು ಮಾಡಿ ನಿಂತಿದ್ದ. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದ, ಬರುತ್ತೇನೆಂದವರನ್ನು ಕಾಯುವವರ ಹಾಗೆ. ನೀರು ಹರಿಯತೊಡಗಿತು. ಅವನನ್ನು ತುದಿಯ ಗದ್ದೆಯವರೆಗೆ ನಡೆಸಿಕೊಂಡು ಹೋಗಬೇಕು, ಅಷ್ಟೇ ನನ್ನ ಆಸೆ. ಅವನನ್ನು ಬದುವಿನ ಕಡೆ ತಿರುಗಿಸಲು ಹೋದೆ. ಹೆಬ್ಬೆರಳು ಜಾರಿ ಸುಣ್ಣದ ಕಲೆಯಿದ್ದ ಗುಂಡಿಯ ಮೇಲೆ ಬಿತ್ತು.

ತೂಬು ಮುಚ್ಚಿಕೊಂಡಿತು.

ಇನ್ನೊಮ್ಮೆ ಒತ್ತಿದರೆ ತೆರೆಯುತ್ತದೆ. ಪೆನ್‌ಡ್ರೈವಿನಲ್ಲಿ ನಕಲೂ ಇದೆ. ಆದರೆ ನಾನೇ ಮುಚ್ಚುತ್ತೇನೆ ಎಂದಿದ್ದವರು ಅವರು. ಮುಚ್ಚಿದವನು ನಾನು, ಅದೂ ಕೊನೆಯ ಗದ್ದೆಗೆ ನೀರು ಬಂದಿದೆಯೇ ಎಂದು ಕಾಲಿಟ್ಟು ನೋಡದೆ.