ಇಬ್ಬರೂ ಒಳ್ಳೆಯವರಲ್ಲದ ಧಾರಾವಾಹಿ

ಆ ಶುಕ್ರವಾರ ಧಾರಾವಾಹಿಯಲ್ಲಿ ಗಂಡ ಹೆಂಡತಿ ಮಿಕ್ಸಿ ಹಂಚಿಕೊಂಡರು. ಮೋಟರು ತನ್ನ ತವರಿನವರು ಕೊಟ್ಟಿದ್ದು ಎಂದು ಅವಳು ಎತ್ತಿಕೊಂಡಳು. ಹಳೆಯ ಜಾರು ಒಡೆದಾಗ ಹೊಸದು ತಂದವನು ತಾನು ಎಂದು ಅವನು ಜಾರನ್ನು ಬೀರುವಿನಲ್ಲಿ ಬಚ್ಚಿಟ್ಟ.

"ಮೋಟರು ಅವಳಿಗಂತೆ, ಜಾರು ಅವನಿಗಂತೆ," ಎಂದು ಫೋನಿನಲ್ಲಿ ಅತ್ತೆ ನಕ್ಕರು. "ಇನ್ನು ಚಟ್ನಿ ಯಾರಮ್ಮ ರುಬ್ಬೋದು?"

ಅತ್ತೆ ಇದ್ದದ್ದು ಶ್ರೀನಿವಾಸಪುರದ ಹತ್ತಿರದ ಯಲ್ದೂರಿನಲ್ಲಿ. ನಾನು ಮುಳಬಾಗಿಲಿನಲ್ಲಿ ಒಂದು ಬಾಡಿಗೆ ಮನೆ ಹಿಡಿದು, ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅವರ ಮಗನಿಗೂ ನನಗೂ ಕೋಲಾರದ ಕೋರ್ಟಿನಲ್ಲಿ ವಿಚ್ಛೇದನವಾಗಿ ಎರಡು ವರ್ಷ ಕಳೆದಿತ್ತು. ಅದಾದ ಮೇಲೂ ಅತ್ತೆ ಬಸ್ಸಿನವರ ಕೈಯಲ್ಲಿ ಉಪ್ಪಿನಕಾಯಿ ಕಳಿಸಿದ್ದರು. ತಲುಪಿತು ಎಂದು ಹೇಳಲು ಫೋನ್ ಮಾಡಿದಾಗ ಎರಡೂ ಮನೆಯಲ್ಲಿ ಅದೇ ಧಾರಾವಾಹಿ ಓಡುತ್ತಿತ್ತು. ಅವತ್ತಿನಿಂದ ದಿನಾ ಸಂಜೆ ಫೋನನ್ನು ಸ್ಪೀಕರಿಗೆ ಹಾಕಿಕೊಂಡು ಜೊತೆಯಾಗಿ ನೋಡತೊಡಗಿದೆವು.

ಅವರದು ಕೇಬಲ್, ನನ್ನದು ಡಿಶ್. ಅವರ ಮನೆಗೆ ಮಾತು ಸ್ವಲ್ಪ ಮೊದಲೇ ಬರುತ್ತಿತ್ತು. ಹಾಗಾಗಿ ಅತ್ತೆ ಮೊದಲು ಬೈಯುತ್ತಿದ್ದರು, ಆಮೇಲೆ ನನ್ನ ಟಿವಿಯಲ್ಲಿ ಆ ಗಂಡ ತಪ್ಪು ಮಾಡುತ್ತಿದ್ದ.

ಆ ಧಾರಾವಾಹಿಯನ್ನು ನಮ್ಮ ಕಡೆ ಯಾರೂ ಮೆಚ್ಚಲಿಲ್ಲ. ನನ್ನ ನಾದಿನಿ ಮಾಲೂರಿನಿಂದ ತವರಿಗೆ ಬಂದಾಗಲೆಲ್ಲ ಗೊಣಗುವಳಂತೆ, "ಒಬ್ಬರಾದ್ರೂ ಒಳ್ಳೆಯವರು ಇರಬೇಡವೇನಮ್ಮ? ಯಾರಿಗೋಸ್ಕರ ಅಳೋದು?" ನಿಜ. ಅದರಲ್ಲಿ ಹೆಂಡತಿ ನೆಂಟರ ಮುಂದೆ ಗಂಡನ ಸಂಬಳದ ಮಾತೆತ್ತಿ ನಗುತ್ತಿದ್ದಳು. ಅವನು ಜಗಳದ ನಡುವೆ ಉತ್ತರ ಕೊಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದ. ಅತ್ತೆ ಮಾತ್ರ "ರೆಂಡೂ ರೆಂಡೇ" ಎಂದು ತೆಲುಗಿನಲ್ಲಿ ಹೇಳಿ, ಒಂದು ದಿನವೂ ತಪ್ಪಿಸದೆ ನೋಡುತ್ತಿದ್ದರು. ಎರಡೂ ಎರಡೇ, ಒಂದಕ್ಕಿಂತ ಒಂದು ಕಮ್ಮಿಯಿಲ್ಲ ಎಂದು ಅದರ ಅರ್ಥ.

ನನಗೆ ಆ ಮಾತು ಸಾಕಾಗುತ್ತಿರಲಿಲ್ಲ. ನಮ್ಮ ಸಂಸಾರ ಮುರಿಯುವಾಗ ಯಲ್ದೂರಿನ ಅವರ ಜಗಲಿಯ ಮೇಲೆ ಹಿರಿಯರು ಕೂತು, ತಪ್ಪು ಯಾರದು ಎಂದು ಅತ್ತೆಯನ್ನೇ ಕೇಳಿದ್ದರು. ಅತ್ತೆ ಎಲ್ಲರಿಗೂ ಕಾಫಿ ಕೊಟ್ಟು ಒಳಗೆ ಹೋದರು. ನಿನ್ನ ತಪ್ಪಲ್ಲ ಎಂದೋ, ನಿನ್ನದೇ ಎಂದೋ, ಅವರ ಬಾಯಿಂದ ಒಂದು ಮಾತು ಕೇಳಬೇಕೆಂದು ನಾನು ಅಂದಿನಿಂದ ಕಾದಿದ್ದೆ. ಧಾರಾವಾಹಿಯ ನೆಪದಲ್ಲಾದರೂ ಅದು ಹೊರಗೆ ಬಂದೀತು ಅಂದುಕೊಂಡಿದ್ದೆ.

"ನೋಡು, ಅವಳು ಮೂತಿ ತಿರುಗಿಸೋದು ಥೇಟ್ ನಿನ್ನ ಥರಾನೇ ಕಣೇ," ಅನ್ನುವರು.

"ಅವನು ಯಾರ ಥರ ಅತ್ತೆ?"

"ಅವನಾ? ನಾನು ಹೆತ್ತಿದ್ದೀನಲ್ಲ, ಅದರ ಥರ."

"ಅಂಥವನ ಜೊತೆ ಬಾಳೋದಕ್ಕಿಂತ ಗೋಡೆ ಜೊತೆ ಬಾಳಬಹುದು."

ಆಗ ಆ ಕಡೆ ಕುರ್ಚಿ ಸರಿದ ಸದ್ದು. "ಯಾರದು, ಅತ್ತೆ?" ಎಂದರೆ, "ಬೆಕ್ಕು ಕಣೇ" ಅಂದರು. ಆ ಬೆಕ್ಕು ಒಂದು ವಾರ ಬರುತ್ತಿತ್ತು, ಇನ್ನೊಂದು ವಾರ ಸುಳಿಯುತ್ತಿರಲಿಲ್ಲ.

ಮಿಕ್ಸಿ ಹಂಚಿಕೊಂಡ ಮರುದಿನ, ಶನಿವಾರ ಬೆಳಿಗ್ಗೆ ಅತ್ತೆ ಹಿತ್ತಲಲ್ಲಿ ಮುಖ ತೊಳೆಯುತ್ತಾ ಕುಸಿದರು. ಕೋಲಾರಕ್ಕೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ನಾನು ಅಂಗಡಿಯಲ್ಲಿ ಸೀರೆ ಮಡಿಸುತ್ತಿದ್ದಾಗ ನಾದಿನಿಯ ಫೋನ್ ಬಂತು. "ಅತ್ತಿಗೆ, ಅಮ್ಮ ಹೋಗ್ಬಿಟ್ಲು," ಅಂದಳು. ಕೋರ್ಟಿನ ದಿನದಿಂದ ಅವಳು ನನ್ನನ್ನು ಅತ್ತಿಗೆ ಎಂದಿರಲಿಲ್ಲ.

ಮಣ್ಣಿಗೆ ಹೋಗಿ ಬಂದೆ. ಮೂರನೆಯ ದಿನ ಹಾಲು ತುಪ್ಪಕ್ಕೂ ಹೋದೆ. ಮಾವಿನ ತೋಟದ ಮೂಲೆಯಲ್ಲಿ ಹಸಿ ಮಣ್ಣಿನ ಗುಡ್ಡೆ. ಮುಂದೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿದ್ದರು. ಮನೆಯವರು ಒಬ್ಬೊಬ್ಬರಾಗಿ ಹಾಲು ಬಿಡುತ್ತಿದ್ದರು. ನಾನು ಅಕ್ಕಪಕ್ಕದ ಮನೆಯವರ ಸಾಲಿನಲ್ಲಿ ನಿಂತಿದ್ದೆ.

ಒಬ್ಬ ಅಜ್ಜಿ ನನ್ನ ಮುಖ ನೋಡಿ, "ನೀನೂ ಬಂದ್ಯಾ? ಈಗ ನಿಂಗೇನಾಗಬೇಕು ಆಯಮ್ಮ?" ಎಂದು ಕೇಳಿತು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಾದಿನಿಯೇ ಬಂದು ಹಾಲಿನ ಚೊಂಬನ್ನು ನನ್ನ ಕೈಗೆ ಕೊಟ್ಟಳು.

ವಾಪಸು ಬರುವಾಗ ಬೋರ್‌ವೆಲ್ಲಿನ ತೊಟ್ಟಿಯ ಹತ್ತಿರ ಕಾಲು ತೊಳೆಯುತ್ತಿದ್ದೆ. ನನ್ನ ಗಂಡನಾಗಿದ್ದವರು ಬಂದು ಸ್ವಲ್ಪ ದೂರದಲ್ಲಿ ನಿಂತರು. ತಲೆ ಬೋಳಿಸಿದ್ದರಿಂದ ಅವರ ಕಿವಿಗಳು ಅತ್ತೆಯ ಕಿವಿಗಳಂತೆ ಕಂಡವು.

"ಜಾರು ಕೊನೆಗೆ ಯಾರಿಗೆ ಸಿಕ್ತು?" ಅಂದರು.

ನನಗೆ ಅರ್ಥವಾಗಲಿಲ್ಲ.

"ಸೀರಿಯಲ್ಲಲ್ಲಿ. ಮಿಕ್ಸಿ ಜಾರು."

"ನಾನೂ ಆಮೇಲೆ ನೋಡಿಲ್ಲ. ನಿಮಗೆ ಹೇಗೆ ಗೊತ್ತು?"

"ಫಸ್ಟ್ ಶಿಫ್ಟ್ ಇದ್ದ ವಾರ ಸಂಜೆ ಮನೇಲೇ ಇರ್ತಿದ್ದೆ. ಬಾಗಿಲ ಹತ್ರ ಕೂತ್ಕೋತಿದ್ದೆ."

ಅವರು ವೇಮಗಲ್‌ನ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದವರು ಎಂಬುದು ಆಗ ನೆನಪಾಯಿತು. "ಹಾಗಾದ್ರೆ ಬೆಕ್ಕು?"

"ಮನೇಲಿ ಬೆಕ್ಕಿಲ್ಲ." ನೆಲ ನೋಡಿದರು. "ಗೋಡೆ ಅಂದಿದ್ದು ಕೇಳಿಸ್ತು."

ನನಗೆ ನಾಚಿಕೆಯೂ ಆಯಿತು, ಅವತ್ತು ಮೊದಲ ಸಲ ನಗುವೂ ಬಂತು. ಆ ಕತೆಯ ಗಂಡನಿಗೆ ಅಂದದ್ದೆಲ್ಲ ಇವರ ಕಿವಿಗೆ ಬಿದ್ದಿತ್ತು.

"ನಿನ್ನ ಫೋನ್ ಇಟ್ಟಮೇಲೆ ಅಮ್ಮ ನನ್ನ ಕಡೆ ತಿರುಗಿ, ಕೇಳಿಸ್ತೇನ್ಲಾ ಅನ್ನೋರು," ಅಂದರು. ಆಮೇಲೆ, "ನಿನ್ನ ಹತ್ರ ಯಾವಾಗಲಾದ್ರೂ ಹೇಳಿದ್ರಾ, ತಪ್ಪು ಯಾರದು ಅಂತ?" ಎಂದು ಕೇಳಿದರು.

"ಇಲ್ಲ. ನಿಮ್ಮ ಹತ್ರ?"

"ಇಲ್ಲ."

ಅವರೂ ಆ ಮಾತಿಗೇ ಕಾದಿದ್ದರು ಎಂಬುದು ನನಗೆ ಆವರೆಗೆ ಹೊಳೆದಿರಲಿಲ್ಲ. ಹೆತ್ತವರು ಮಗನ ಪರವೇ ಇರುತ್ತಾರೆ, ಇವರಿಗೆ ಆ ಮಾತು ಯಾವತ್ತೋ ಸಿಕ್ಕಿರುತ್ತದೆ ಅಂದುಕೊಂಡಿದ್ದೆ. ತೋಟದೊಳಗಿನಿಂದ ಅವರನ್ನು ಯಾರೋ ಕರೆದರು. ಬಸ್ಸಿಗೆ ಹೊತ್ತಾಯಿತೆಂದು ನಾನು ಹೊರಟೆ. ಅದಾದ ಮೇಲೆ ನಾವು ಮಾತಾಡಿಲ್ಲ. ಮಾತಾಡಿದರೂ ಮತ್ತೆ ಒಂದಾಗುವವರಲ್ಲ, ಇಬ್ಬರಿಗೂ ಅದು ಗೊತ್ತು.

ಒಂದು ವಾರ ಬಿಟ್ಟು ಆ ಧಾರಾವಾಹಿ ಹಾಕಿ ನೋಡಿದೆ. ಒಬ್ಬಳೇ ನೋಡಿದರೆ ಅವರಿಬ್ಬರೂ ಬರೀ ಕೆಟ್ಟವರು. ಅತ್ತೆ ಬೈಯುವಾಗ ಹಾಗೆ ಕಾಣುತ್ತಿರಲಿಲ್ಲ. ಅವಳಿಗೆ ಹಟ ಹೆಚ್ಚು, ಅವನಿಗೆ ಬಾಯಿಲ್ಲ, ಆದರೂ ಇಬ್ಬರಿಗೂ ಊಟ ಬಡಿಸಬಹುದು ಅನ್ನಿಸುತ್ತಿತ್ತು. ಜಗಲಿಯ ಮೇಲೆ ಅವತ್ತು ಅತ್ತೆ ಕಾಫಿ ಕೊಟ್ಟು ಒಳಗೆ ಹೋದದ್ದೂ ಇದಕ್ಕೇ ಇರಬಹುದು. ಅಥವಾ ನಾನೇ ನನಗೆ ಸಮಾಧಾನವಾಗುವ ಹಾಗೆ ಅರ್ಥ ಮಾಡಿಕೊಳ್ಳುತ್ತಿರಬಹುದು. ಅವರು ನನ್ನನ್ನು ತಪ್ಪಿತಸ್ಥಳೆಂದೇ ತಿಳಿದು, ಆದರೂ ಉಪ್ಪಿನಕಾಯಿ ಕಳಿಸಿದ್ದರೂ ಇರಬಹುದು.

ಯಾವುದು ನಿಜವೆಂದು ಹೇಳಬಲ್ಲವರು ಅತ್ತೆ ಒಬ್ಬರೇ. ಅವರಿಲ್ಲ.