‘ಗೋ’ ಅಂದ್ರೇನು ಸ್ವಾಮಿ?

ಗೆಳೆಯರೇ, ಇಂಗ್ಲಿಷಿನ ಉದ್ದುದ್ದ ಪದಗಳಿಗೆ ನಾನು ಹೆದರುವವನಲ್ಲ. ಜೀವ ಹಿಂಡುವುದು ಚಿಕ್ಕವೇ.

ಇವತ್ತು ಮಧ್ಯಾಹ್ನ ಗಣಿ ಕಚೇರಿಯಲ್ಲಿ ಬುತ್ತಿ ಮುಂದಿಟ್ಟುಕೊಂಡು ಕೂತಿದ್ದೆ. ಬಂಗಾರಪೇಟೆ ಕಡೆಯ ಮುನಿಯಮ್ಮ ಬಂದು ಬಾಗಿಲಲ್ಲಿ ನಿಂತಳು. ಅವಳ ಗಂಡ ನಮ್ಮ ಗಣಿಯೊಳಗೆ ಇಳಿಯುವ ಕೂಲಿ.

“ಸ್ವಾಮಿ, ನಿನ್ನೆ ಬಿಳೀ ದೊರೆ ನಮ್ಮನೆಯೋರಿಗೆ ಎಲ್ಲಾರ ಮುಂದೆ ‘ಗೋ’ ಅಂದ್ರಂತೆ. ಅಂಗಂದ್ರೇನು?”

ನಾನು ಗುಮಾಸ್ತ, ನಿಘಂಟು ತೆಗೆದೆ. ಹೋಗು, ನಡೆ, ಹೊರಡು, ಸಾಗು, ಓಡು... ಪುಟ ತಿರುಗಿಸಿದರೂ ಮುಗಿಯಲಿಲ್ಲ.

“ಕೆಲಸಕ್ಕೆ ಹೋಗು ಅಂತಾನೂ ಆಗುತ್ತೆ, ಕೆಲಸ ಬಿಟ್ಟು ಹೋಗು ಅಂತಾನೂ ಆಗುತ್ತೆ ಕಣಮ್ಮ” ಎಂದೆ.

“ಕೆಲ್ಸ ಐತೆ ಬಿಡಿ” ಎಂದವಳೇ ಸೆರಗಿನ ಗಂಟು ಬಿಚ್ಚಿ ಗಂಡನ ನಂಬರಿನ ಹಿತ್ತಾಳೆ ಬಿಲ್ಲೆ ತೋರಿಸಿದಳು. ಕೆಲಸದಿಂದ ತೆಗೆದರೆ ದೊರೆ ಮೊದಲು ಕಿತ್ತುಕೊಳ್ಳುವುದು ಆ ಬಿಲ್ಲೆಯನ್ನೇ. ಇಲ್ಲಿ ಅದು ಮಕ್ಕಳಿಗೂ ಗೊತ್ತು.

“ಗೊತ್ತಿದ್ದೂ ನನ್ನ ಪ್ರಾಣ ಯಾಕಮ್ಮ ತಿಂತೀಯ?” ರೇಗಿದೆ.

“ಅದು ಬೈಗುಳಾನಾ ಅಂತ ಕೇಳಾಕೆ ಬಂದೆ ಸ್ವಾಮಿ. ನಾಯಿಗಂದಂಗೆ ಅಂದ್ರು ಅಂತ ನಿನ್ನೆಯಿಂದ ಮುದ್ದೆ ಮುಟ್ಟಿಲ್ಲ ಅವ್ರು.”

ಅಷ್ಟು ದಪ್ಪ ನಿಘಂಟಿನಲ್ಲಿ ಆ ಅರ್ಥ ಇರಲಿಲ್ಲ. ಪುಸ್ತಕ ಮುಚ್ಚಿದೆ.

“ಬೈಗುಳ ಅಲ್ಲಮ್ಮ. ಬಾಯಿ ಮುಚ್ಕೊಂಡು ಉಣ್ಣೋಕೆ ಹೇಳು” ಎಂದು ಕಳಿಸಿದೆ. ಅವಳು ನಗುತ್ತಾ ಹೋದಳು.

ಬೆಳಿಗ್ಗೆ ಅದೇ ದೊರೆ ಅದೇ ಮಾತನ್ನು ನನಗೂ ಅಂದಿದ್ದ. ಈಗ ಸಂಜೆ. ನನ್ನ ಬುತ್ತಿಯ ಗಂಟು ಕಟ್ಟಿದ ಹಾಗೇ ಇದೆ.